ಸುಂಕದ ಕಟ್ಟೆ ತಪ್ಪಿಸಿದ ದಾರಿ

ಹರಕು ಚೀಲಕ್ಕೆ ಭತ್ತ ತುಂಬಿಕೊಂಡು ಒಬ್ಬ ಹೊರಡುತ್ತಾನೆ. ಸುಂಕದವರ ಕೈಗೆ ಸಿಗಬಾರದೆಂದು ರಾತ್ರಿಯಿಡೀ ನಡೆಯುತ್ತಾನೆ. ಬೆಳಗಾಗುವ ಹೊತ್ತಿಗೆ ಕಾಳೆಲ್ಲ ದಾರಿಯ ಪಾಲಾಗಿ ಕೈಯಲ್ಲಿ ಖಾಲಿ ಚೀಲ. ಗಟ್ಟಿ ಮನಸ್ಸಿಲ್ಲದವನ ಭಕ್ತಿಯೂ ಹೀಗೇ ಎಂದು ರಾಮನಾಥನಿಗೆ ಹೇಳಿ ಜೇಡರ ದಾಸಿಮಯ್ಯ ಸುಮ್ಮನಾಗುತ್ತಾನೆ. ನಾಲ್ಕು ಸಾಲಿನ ವಚನ. ಕಾಲೇಜಿನಲ್ಲಿ ಮೊದಲ ಸಲ ಓದಿದಾಗ ನಾನು ಕೊನೆಯ ಸಾಲಿಗೆ ಅಡಿಗೆರೆ ಎಳೆದಿದ್ದೆ, ಪರೀಕ್ಷೆಗೆ ಬರುವುದು ಅದೇ ತಾನೆ. ಈಗ ಓದುವಾಗ ಕಣ್ಣು ನಿಲ್ಲುವುದು ನಡುವಿನ ಎರಡು ಸಾಲಿನ ಮೇಲೆ, ಆ ನಡಿಗೆಯ ಮೇಲೆ.

ದಾಸಿಮಯ್ಯನ ಊರು ಮುದನೂರು. ನಮ್ಮ ಮುದಗಲ್ಲಿನಿಂದ ಹೊರಟು ನಾರಾಯಣಪುರದ ಹತ್ತಿರ ಕೃಷ್ಣೆ ದಾಟಿ ಕೊಡೇಕಲ್, ಹುಣಸಗಿ ಸೀಮೆ ಹೊಕ್ಕರೆ ಆ ಕಡೆಗೆ ದಾರಿ. ಅಲ್ಲಿ ರಾಮನಾಥನ ಗುಡಿಯಿದೆ. ಅವನ ಅಂಕಿತ ಬಂದದ್ದು ಅಲ್ಲಿಂದ. ಬಸವಣ್ಣನಿಗಿಂತ ಹಿಂದಿನವನು, ನೇಕಾರ, ಹೆಂಡತಿ ದುಗ್ಗಳೆ. ಜೇಡರ ದಾಸಿಮಯ್ಯನೂ ದೇವರ ದಾಸಿಮಯ್ಯನೂ ಒಬ್ಬರೇ, ಇಬ್ಬರೇ ಎಂದು ವಿದ್ವಾಂಸರು ಹಗ್ಗಜಗ್ಗಾಟ ನಡೆಸಿದ್ದಾರೆ. ಆ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ಒಬ್ಬನೋ ಇಬ್ಬರೋ, ಈ ವಚನ ಕಟ್ಟಿದವನು ಚೀಲ ಹೊತ್ತು ನಡೆದವರನ್ನು ಹತ್ತಿರದಿಂದ ನೋಡಿದವನು. ಬಹುಶಃ ತಾನೇ ಹೊತ್ತು ನಡೆದವನು. ನೇಕಾರ ಅಂದಮೇಲೆ ಸಂತೆಗೆ ಹೋಗಲೇಬೇಕು. ಸಂತೆಗೆ ಹೋಗುವವನು ಸುಂಕದ ಕಟ್ಟೆ ದಾಟಲೇಬೇಕು.

ಚೀಲದಲ್ಲಿರುವುದು ಬರೀ ಕಾಳಲ್ಲ, ಕಳವೆ. ಭತ್ತದ ಒಂದು ಜಾತಿ. ಇದು ಸಣ್ಣ ವಿಷಯವಲ್ಲ. ಈ ಸೀಮೆ ಜೋಳದ್ದು. ಸಿಂಧನೂರು ಭತ್ತದ ಕಣಜವಾದದ್ದು ತುಂಗಭದ್ರೆಯ ಎಡದಂಡೆ ಕಾಲುವೆ ಬಂದಮೇಲೆ, ಅಂದರೆ ನಿನ್ನೆ ಮೊನ್ನೆ. ಸಾವಿರ ವರ್ಷದ ಹಿಂದೆ ಇಲ್ಲಿ ನೆಲ್ಲು ಸಿರಿವಂತರ ಪದಾರ್ಥ. ಜೋಳದ ಚೀಲಕ್ಕಾಗಿ ಯಾರೂ ರಾತ್ರಿಯಿಡೀ ಕಲ್ಲು ಮುಳ್ಳು ತುಳಿಯಲಿಕ್ಕಿಲ್ಲ, ಕಳವೆಗಾಗಿ ತುಳಿಯುತ್ತಾರೆ. ಸರಕು ಬೆಲೆಬಾಳುವಂಥದು, ಚೀಲ ಮಾತ್ರ ಹರಕು. ವಚನದ ವ್ಯಂಗ್ಯವೆಲ್ಲ ಇರುವುದು ಈ ಹೊಂದಾಣಿಕೆಯಿಲ್ಲದ ಜೋಡಿಯಲ್ಲಿ. ಎ. ಕೆ. ರಾಮಾನುಜನ್ 1973ರ ‘ಸ್ಪೀಕಿಂಗ್ ಆಫ್ ಶಿವ’ದಲ್ಲಿ ಇದನ್ನು ಇಂಗ್ಲಿಷಿಗೆ ತಂದಿದ್ದಾರೆ, ಬಸವಣ್ಣ, ಅಕ್ಕ, ಅಲ್ಲಮರ ಪಂಕ್ತಿಯಲ್ಲಿ ನಾಲ್ಕನೆಯವನಾಗಿ ಈ ನೇಕಾರನನ್ನು ಕೂಡಿಸಿದ್ದು ಅವರ ದೊಡ್ಡ ಉಪಕಾರ. ಆದರೆ ಅಲ್ಲಿ ಕಳವೆ ಬರೀ ‘ಧಾನ್ಯ’ವಾಗಿದೆ. ಅನುವಾದ ಸೊಗಸಾಗಿದೆ, ಚೀಲದ ಬೆಲೆ ಇಳಿದಿದೆ.

ಸುಂಕಕ್ಕೆ ಅಂಜಿದವನು ಹೆದ್ದಾರಿ ಹಿಡಿಯುವುದಿಲ್ಲ. ಹಾಗಾದರೆ ಯಾವ ನೆಲದಲ್ಲಿ ನಡೆದಿರಬೇಕು? ಇದೊಂದು ಹುಚ್ಚು ತಲೆಗೇರಿ ಹೋದ ವರ್ಷ ನಾನು ಬೈಕಿನಲ್ಲಿ ಡಾಂಬರು ಬಿಟ್ಟು ಜಲದುರ್ಗದ ಕಡೆ ಹೊರಟೆ. ಬೋಳು ಗುಡ್ಡ, ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆ, ಜಾಲಿಮುಳ್ಳು, ನಡುನಡುವೆ ಎರೆಹೊಲ. ಎರೆಮಣ್ಣಿನಲ್ಲಿ ಮಳೆ ಬಿದ್ದ ಮರುದಿನ ಗಾಲಿ ತಿರುಗುವುದಿಲ್ಲ, ಮಣ್ಣು ಮಡ್‌ಗಾರ್ಡಿನೊಳಗೆ ಹೊಕ್ಕು ಕಚ್ಚಿಕೊಳ್ಳುತ್ತದೆ. ಕಡ್ಡಿ ತಗೊಂಡು ಕೆರೆದೆ. ಹತ್ತು ಮಾರು ಹೋದೆ, ಮತ್ತೆ ಕೆರೆದೆ. ಆಮೇಲೆ ಮುಳ್ಳು ಚುಚ್ಚಿ ಪಂಕ್ಚರ್. ಉಳಿದ ದಾರಿ ಗಾಡಿಯನ್ನು ನಾನೇ ಹೊತ್ತಂತೆ ತಳ್ಳಿದ್ದು. ಅಷ್ಟು ಹೊತ್ತಿನಲ್ಲಿ ಒಮ್ಮೆಯೂ ತಲೆ ಎತ್ತಿ ಗುಡ್ಡ ನೋಡಲಿಲ್ಲ ಅನ್ನುವುದು ನೆನಪಾದದ್ದು ಮನೆ ಮುಟ್ಟಿದ ಮೇಲೆ.

ಜಲದುರ್ಗದಲ್ಲಿ ಕೃಷ್ಣೆ ಎರಡಾಗಿ ಒಡೆದು ನಡುಗಡ್ಡೆಯನ್ನು ಸುತ್ತುತ್ತದೆ, ನಡುಗಡ್ಡೆಯ ಮೇಲೆ ಕೋಟೆ. ದಖ್ಖನ್ನಿನ ಎತ್ತರದಿಂದ ನದಿ ರಾಯಚೂರು ದೋಆಬಿನ ತಗ್ಗಿಗೆ ಇಳಿಯುವುದು ಈ ಭಾಗದಲ್ಲೇ. ಸುಮಾರು 3 ಮೈಲಿಯಲ್ಲಿ 408 ಅಡಿ ಇಳಿಯುತ್ತದೆ ಎಂದು ಹಳೆಯ ಗೆಜೆಟಿಯರ್ ಬರೆದಿಟ್ಟಿದೆ. ಕಲ್ಲು ಕೊರೆದು ಮಾಡಿಕೊಂಡ ಕಮರಿ, ಮೆಟ್ಟಿಲು ಮೆಟ್ಟಿಲಾಗಿ ಧುಮುಕುವ ನೀರು. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದಮೇಲೆ ಈ ಅಬ್ಬರಕ್ಕೂ ಗೇಟು ಬಂದಿದೆ. ಗೇಟು ಎತ್ತಿದರೆ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ಆಚೆಯ ಹಳ್ಳಿಯವರು ಸುತ್ತು ಹಾಕಿ ಬರಬೇಕಾಗುತ್ತದೆ. ಎತ್ತದಿದ್ದರೆ ಬರೀ ಬಂಡೆ. 1840ರ ದಶಕದಲ್ಲಿ ಸುರಪುರದಲ್ಲಿ ಬ್ರಿಟಿಷ್ ಏಜೆಂಟನಾಗಿದ್ದ ಮೆಡೋಸ್ ಟೇಲರ್ ಈ ಸೀಮೆಯನ್ನು ಕುದುರೆಯ ಮೇಲೆ ಸುತ್ತಿದವನು. ಚಿತ್ರ ಬರೆದ, ಹಳೆಗಾಲದ ಕಲ್ಲುಗೋರಿಗಳನ್ನು ಹುಡುಕಿದ. ಅವನ ಆತ್ಮಕಥೆ 1877ರಲ್ಲಿ ಬಂತು. ಈ ನೆಲಕ್ಕೆ ಪ್ರವಾಸಕಥನ ಎಂಬುದೊಂದು ಇದ್ದರೆ ಅದು ಅವನಿಂದಲೇ ಶುರು ಎನ್ನುವವರಿದ್ದಾರೆ.

ನನ್ನ ತಕರಾರು ಇರುವುದು ಇಲ್ಲೇ. ಕೃಷ್ಣೆಯ ಮಗ್ಗುಲಿನಲ್ಲೇ ಬಾಳಿದ ದಾಸಿಮಯ್ಯ ಆ ಧುಮುಕನ್ನು ಬಣ್ಣಿಸುವ ಗೋಜಿಗೆ ಹೋಗುವುದಿಲ್ಲ. ಬಂಡೆ, ಕಮರಿ, ಸೂರ್ಯಾಸ್ತ ಯಾವುದೂ ಅವನ ಸರಕಲ್ಲ. ಹಾಗೆಂದು ಅವನಲ್ಲಿ ಪ್ರಯಾಣವಿಲ್ಲ ಅನ್ನಲಾದೀತೆ? ಬಂಡಿಯ ಕಡೆಗೀಲಿನ ಮೇಲೆ ಅವನದೊಂದು ವಚನವಿದೆ. ಕೀಲಿಲ್ಲದ ಗಾಡಿ ಉರುಳದೆ ಇರುತ್ತದೆಯೇ ಎಂದು ಕೇಳಿ, ಮೈಯೆಂಬ ಬಂಡಿಗೆ ಶರಣರ ಮಾತೇ ಆ ಕೀಲು ಎನ್ನುತ್ತಾನೆ. ಕುದುರೆ ಸವಾರನ ಕಣ್ಣಿಗೆ ಕಡೆಗೀಲು ಬೀಳುವುದಿಲ್ಲ. ಬೆರಳುದ್ದದ ಕಬ್ಬಿಣ, ಬಿದ್ದು ಹೋದರೆ ಗಾಲಿಯೇ ಕಳಚಿ ಹೋಗುವಂಥದು, ಕಾಣುವುದು ಹೇರು ಹೊಡೆದವನಿಗೆ. ಹೊರೆ ಹೊತ್ತವನು ನೋಡುವ ನಾಡು ಬೇರೆ. ಅದರಲ್ಲಿ ದೃಶ್ಯಗಳಿಲ್ಲ, ತೂತು, ಕೀಲು, ಕಟ್ಟೆ, ಹಸಿವು ಇವೆ. ನಮ್ಮ ವಿಮರ್ಶೆ ವಚನಗಳಲ್ಲಿ ತತ್ವ ಹುಡುಕಿದಷ್ಟು ಈ ನಾಡನ್ನು ಹುಡುಕಲಿಲ್ಲ.

ಇನ್ನು ಮಗ್ಗದ ವಚನ. ಅದರಲ್ಲಿ ಉಂಕಿ, ಸರಿಗೆ, ಸಮಗಾಲು, ಅಣಿ, ಲಾಳಿ, ಕಂಡಿಕೆ ಎಂದು ಕಸುಬಿನ ಮಾತುಗಳು ಸಾಲುಗಟ್ಟಿ ಬರುತ್ತವೆ. ಲಾಳಿಯ ಮುಳ್ಳು ಕಂಡಿಕೆಯನ್ನು ನುಂಗಿತು ಎನ್ನುವಲ್ಲಿಗೆ ಕೆಲಸ ಮುಗಿದು, ಈ ಸೀರೆ ನೇಯ್ದದ್ದು ನಾನೋ ನೀನೋ ಎಂಬ ಪ್ರಶ್ನೆ ಏಳುತ್ತದೆ. ಆ ‘ನುಂಗಿತು’ ನನಗೆ ಬಹಳ ದಿನ ಬೆಡಗಾಗಿಯೇ ಉಳಿದಿತ್ತು. ಟಿಪ್ಪಣಿಗಳಲ್ಲಿ ಜೀವ, ಪರಮ ಎಂದೆಲ್ಲ ಅರ್ಥ ಬರೆದಿರುತ್ತಾರೆ. ಇಳಕಲ್ಲಿಗೆ ಹೋದಾಗ ಕುಣಿಮಗ್ಗದಲ್ಲಿ ಕೂತ ಒಬ್ಬ ಹಿರಿಯರನ್ನು ಕೇಳಿದೆ.

“ಕಾಕಾ, ಲಾಳಿಗೆ ಮುಳ್ಳು ಅಂತ ಇರ್ತದೇನ್ರಿ?”

ಅವರು ಲಾಳಿ ಹೊರತೆಗೆದು ಹೊಟ್ಟೆ ತೋರಿಸಿದರು. ಒಳಗೆ ಸೂಜಿಯಂಥ ಕಡ್ಡಿ, ಅದಕ್ಕೆ ಸಿಕ್ಕಿಸಿದ ನೂಲಿನ ಕಂಡಿಕೆ.

“ಇದ ನೋಡಪ್ಪ ಮುಳ್ಳು. ಕಂಡಿಕಿ ಇದಕ ಸಿಗಸ್ತೀವಿ. ನೇಯ್ಕೋತ ನೇಯ್ಕೋತ ನೂಲು ಸಣ್ಣ ಆಕ್ಕೋತ ಹೋಗ್ತದ. ಕಡೀಕ ಏನ ಉಳೀತದ ಹೇಳು, ಮುಳ್ಳ.”

ಹೇಳಿ, ಖಾಲಿಯಾದದ್ದನ್ನು ಕಿತ್ತು ಬುಟ್ಟಿಗೆ ಒಗೆದು ಇನ್ನೊಂದು ಸಿಕ್ಕಿಸಿದರು. ಆ ಕೈಚಳಕಕ್ಕೆ ಹಿಡಿದದ್ದು ಎರಡು ಉಸಿರಿನ ಹೊತ್ತು. ಕಂಡಿಕೆ ಕರಗಿ ಸೀರೆಯಾಗಿರುತ್ತದೆ, ಕರಗಿದ್ದು ಕಣ್ಣಿಗೆ ಬಿದ್ದಿರುವುದಿಲ್ಲ. ಅನುಭಾವಕ್ಕೆ ಹೋಗುವ ಮುನ್ನ ಈ ವಚನ ಮಗ್ಗದಲ್ಲಿ ದಿನಕ್ಕೆ ನೂರು ಸಲ ನಡೆಯುವ ಸಂಗತಿಯ ನೇರ ವರದಿ. ವರದಿ ಅಷ್ಟು ಕರಾರುವಾಕ್ಕಾಗಿರುವುದರಿಂದಲೇ ಕೊನೆಯ ಪ್ರಶ್ನೆಗೆ ಬಲ. ನೇಕಾರನ ಕೈ ತಾನೇ ಆಡುತ್ತಿರುವಾಗ ‘ನಾನು’ ಎಲ್ಲಿತ್ತು ಎಂದು ಕೇಳುವ ಹಕ್ಕು ಅವನಿಗಿದೆ.

ಅವನ ಹೆಣಿಗೆಯ ಇನ್ನೊಂದು ಗುಟ್ಟು ಪ್ರಾಸ. ಸಾಲಿನ ಎರಡನೆಯ ಅಕ್ಷರ ಕೆಳಕೆಳಗೆ ಹೊಂದಿಕೊಂಡು ಬರುತ್ತದೆ, ಬಸವಣ್ಣನಲ್ಲಿ ಕಾಣುವ ಮಾತಿನ ಹರಹು ಇಲ್ಲಿಲ್ಲ. ಹರ ತನ್ನ ಭಕ್ತರನ್ನು ಪರೀಕ್ಷಿಸುವ ವಚನದಲ್ಲಿ ಚಿನ್ನವನ್ನು ಒರೆಯುವುದು, ಗಂಧವನ್ನು ಅರೆಯುವುದು, ಕಬ್ಬನ್ನು ಅರಿಯುವುದು ಎಂದು ಮೂರು ಕ್ರಿಯಾಪದ ಒಂದೇ ಅಚ್ಚಿನಲ್ಲಿ ಎರಕವಾಗಿವೆ. ಮೂರೂ ಕಸುಬಿನ ಕೆಲಸ, ಮೂರೂ ಕೈ ಮಾಡುವ ಹಿಂಸೆ. ಹಟ್ಟಿಯ ಚಿನ್ನದ ನೆಲಕ್ಕೆ ಹತ್ತಿರದವನು ಒರೆಗಲ್ಲಿನ ಮಾತಾಡಿದರೆ ಅದು ಕೇಳಿದ ಉಪಮೆ ಅನ್ನಿಸುವುದಿಲ್ಲ.

ಆದರೆ ಇದೇ ಪ್ರಾಸ ಅವನನ್ನು ಕೆಡಿಸುವುದೂ ಉಂಟು. ಅವನ ಹೆಸರಿನಲ್ಲಿ ಈಗ ಸಿಗುವ ವಚನಗಳು ಸುಮಾರು 175. ಭಕ್ತನಾದವನು ಹೀಗಿರಬೇಕು, ಭವಿಯ ಸಂಗ ಹಾಗೆ ಎಂದು ವಿಧಿಸುವ ವಚನಗಳಲ್ಲಿ ಕಂಡಿಕೆ ಇಲ್ಲದ ಲಾಳಿ ಆಡಿದ ಹಾಗೆ ಸದ್ದು ಮಾತ್ರ ಬರುತ್ತದೆ, ಬಟ್ಟೆ ಇಲ್ಲ. ಉಪದೇಶಕ್ಕೆ ನಿಂತಾಗ ಅವನು ಯಾವ ಶರಣನಾದರೂ ಆಗಬಹುದು. ಕಳ್ಳಭಕ್ತನನ್ನು ಇಲಿ ಕಂಡು ಜಿಗಿಯುವ ಮಠದ ಬೆಕ್ಕಿಗೆ ಹೋಲಿಸುವಾಗ ಮಾತ್ರ ಅವನೇ. ಮಾದಾರ ಚೆನ್ನನ ಅಂಬಲಿ, ಕುಂಬಾರ ಗುಂಡಯ್ಯನ ಮಡಕೆಯ ತಾಳ, ನೆರೆಯ ಕೆಂಭಾವಿಯ ಭೋಗಯ್ಯ ಇವರ ಬೆನ್ನು ಹತ್ತಿ ಹೋದ ರಾಮನಾಥನನ್ನು ನೆನೆಯುವ ವಚನವೂ ಅವನ ಒಳ್ಳೆಯ ದಿನದ ಕೆಲಸ. ಅಲ್ಲಿ ದೇವರೇ ಕಸುಬಿನವರ ಓಣಿಯಲ್ಲಿ ಅಲೆಯುತ್ತಾನೆ, ಕರೆದವರ ಮನೆಗೆಲ್ಲ ಹೋಗುವುದಿಲ್ಲ.

ಒಂದನ್ನೇ ಆರಿಸು ಎಂದರೆ ನಾನು ಮಗ್ಗದ ವಚನವನ್ನೂ ಬಿಟ್ಟು ಹಸಿವಿನದನ್ನು ಇಟ್ಟುಕೊಳ್ಳುತ್ತೇನೆ. ಮೈ ಇದ್ದವನಿಗೆ ಹಸಿವಾಗುತ್ತದೆ, ಮೈ ಇದ್ದವನು ಸುಳ್ಳೂ ಹೇಳುತ್ತಾನೆ. ನನ್ನನ್ನು ಜರಿಯುವ ಮೊದಲು ನೀನೂ ಒಮ್ಮೆ ಮೈ ತೊಟ್ಟು ನೋಡು ಎಂದು ರಾಮನಾಥನಿಗೇ ಸವಾಲು. ದೇವರ ಜೊತೆ ಇಷ್ಟು ಸಲಿಗೆಯಿಂದ, ಇಷ್ಟು ಸಿಟ್ಟಿನಿಂದ ಮಾತಾಡಲು ದಿನಗೂಲಿಯ ಹೊಟ್ಟೆಯೇ ಬೇಕು. ಸುಂಕ ತಪ್ಪಿಸಿ ನಡೆದವನಿಗೂ ಇಲ್ಲಿ ಉತ್ತರ ಸಿಕ್ಕಂತಿದೆ. ಚೀಲದ ವಚನದಲ್ಲಿ ಅವನನ್ನು ಅಳಿಮನದವನು ಎಂದು ನಕ್ಕ ಕವಿ, ಈ ವಚನದಲ್ಲಿ ಅವನ ಪರವಾಗಿ ವಾದಕ್ಕೆ ನಿಂತಿದ್ದಾನೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು.

ಮುದಗಲ್ಲಿಗೂ ಒಬ್ಬ ಕಸುಬುದಾರನ ಕಥೆಯಿದೆ. 1406ರ ಸುಮಾರಿಗೆ ಇಲ್ಲಿಯ ಅಕ್ಕಸಾಲಿಗನೊಬ್ಬನ ಮಗಳಿಗಾಗಿ ವಿಜಯನಗರದ ಒಂದನೆಯ ದೇವರಾಯ ದಂಡು ಕಳಿಸಿದ, ಬಹಮನಿ ಫಿರೋಜ್ ಷಾ ಅದಕ್ಕೆ ಯುದ್ಧ ಹೂಡಿದ ಎಂದು ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಕೂತು ಫರಿಶ್ತಾ ಬರೆದ. ಕಥೆಯಲ್ಲಿ ರಾಜರು ಮಾತಾಡುತ್ತಾರೆ, ಹುಡುಗಿ ಒಲ್ಲೆ ಅನ್ನುತ್ತಾಳೆ. ಅಪ್ಪನ ಒರೆಗಲ್ಲು, ಕುಲುಮೆ, ದಿನದ ದುಡಿಮೆ ಒಂದೂ ಬರುವುದಿಲ್ಲ. ಕೋಟೆಯ ಬಾಗಿಲಲ್ಲಿ ನಿಂತಾಗಲೆಲ್ಲ ಈ ಅಕ್ಕಸಾಲಿಗ ನೆನಪಾಗುತ್ತಾನೆ. ನದಿಯಾಚೆಯ ನೇಕಾರ ಅವನಿಗಿಂತ ಹಿಂದೆಯೇ ತನ್ನ ಲಾಳಿಯ ಮುಳ್ಳಿನ ಲೆಕ್ಕ ಬರೆಸಿಟ್ಟು ಹೋಗಿದ್ದ.

ಆ ನೇಕಾರನನ್ನೂ ಪುರಾಣದವರು ಬಿಡಲಿಲ್ಲ. ಅವನು ನೇಯ್ದ ವಸ್ತ್ರವನ್ನು ಶಿವ ಮುದಿ ಜಂಗಮನಾಗಿ ಬಂದು ಬೇಡಿ, ಎದುರಿಗೇ ಹರಿದು ಚೂರು ಮಾಡುತ್ತಾನೆ; ದಾಸಿಮಯ್ಯ ಸಿಟ್ಟಾಗುವುದಿಲ್ಲ; ಮೆಚ್ಚಿದ ಶಿವ ಎಷ್ಟು ತೆಗೆದರೂ ಬರಿದಾಗದ ತವನಿಧಿ ಕೊಡುತ್ತಾನೆ. ಬಸವಣ್ಣನೂ ತನ್ನ ವಚನಗಳಲ್ಲಿ ದಾಸನ ವಸ್ತ್ರವನ್ನು, ತವನಿಧಿಯನ್ನು ನೆನೆಯುತ್ತಾನೆ. ಇಂದಿಗೂ ಜಯಂತಿಯ ಭಾಷಣಗಳಲ್ಲಿ ಈ ಪವಾಡಕ್ಕೇ ಚಪ್ಪಾಳೆ. ನನಗೆ ಮಾತ್ರ ಇದು ವಚನಕ್ಕೆ ಮಾಡಿದ ಅನ್ಯಾಯ ಅನಿಸುತ್ತದೆ. ವಚನಕಾರ ಖಾಲಿ ಚೀಲವನ್ನು ಕೈಯಲ್ಲಿ ಕೊಟ್ಟು ನಿಲ್ಲಿಸಿದ್ದ, ಪುರಾಣಕಾರ ಅದೇ ಚೀಲಕ್ಕೆ ತೇಪೆ ಹಚ್ಚಿ ಮುಗಿಯದ ಕಾಳು ಸುರಿದ. ಇಳಕಲ್ಲಿನ ಕಾಕಾ ಅವರ ಬುಟ್ಟಿಯಲ್ಲಿ ನಾನು ಕಂಡದ್ದು ಖಾಲಿ ಕಂಡಿಕೆಗಳು. ಸಂಜೆ ಹೊತ್ತಿಗೆ ಅವರ ಸೊಸೆ ಬಂದು ಬುಟ್ಟಿ ಎತ್ತಿಕೊಂಡು ಹೋದಳು, ಮತ್ತೆ ನೂಲು ಸುತ್ತಲಿಕ್ಕೆ.