ಗೌರವವೂ ಹಕ್ಕೂ: ಎರಡು ಕನ್ನಡ ಕಥನಗಳ ಪರಾಮರ್ಶೆ

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದಲ್ಲಿ ಹಿಂದೂಗಳೂ ಮುಸಲ್ಮಾನರೂ ಭಕ್ತಿಯಿಂದ ಸಂದರ್ಶಿಸುವ ದರ್ಗಾ ಒಂದುಂಟು. ಜನರ ಬಾಯಲ್ಲಿ ಅದು ಅಮ್ಮಾಜಾನ್ ಬಾವಾಜಾನ್ ದರ್ಗಾ. ಅಮ್ಮನ ಹೆಸರು ಮೊದಲು, ಬಾವನ ಹೆಸರು ಅನಂತರ. ಸ್ತ್ರೀಗೆ ಅಗ್ರಸ್ಥಾನವೀಯುವ ಈ ರೂಢಿ ಶ್ಲಾಘ್ಯವೇ ಸರಿ. ಆದರೆ ದರ್ಗಾದಲ್ಲಿ ಸಲ್ಲುವ ಗೌರವವು ಮನೆಯಲ್ಲಿ ಹಕ್ಕಾಗಿ ಪರಿಣಮಿಸುವುದೆ? ಮುಸ್ಲಿಂ ಸ್ತ್ರೀಯರ ಬಾಳನ್ನು ಕುರಿತ ಎರಡು ಕನ್ನಡ ಕೃತಿಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

ಕಾಸರಗೋಡಿನ ಸಾರಾ ಅಬೂಬಕ್ಕರ್ (1936–2023) ಅವರ ‘ಚಂದ್ರಗಿರಿಯ ತೀರದಲ್ಲಿ’ 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದಿತು. ತಂದೆಯ ಹಟ, ಗಂಡನ ದುಡುಕು ಇವೆರಡರ ನಡುವೆ ನಾದಿರಾ ತಲಾಖಿಗೆ ಗುರಿಯಾಗುತ್ತಾಳೆ. ಮತ್ತೆ ಅದೇ ಗಂಡನನ್ನು ಸೇರಬೇಕಾದರೆ ಪರಪುರುಷನೊಡನೆ ಒಂದು ರಾತ್ರಿಯ ವಿವಾಹವಾಗಬೇಕೆಂಬ ಕಟ್ಟಳೆ ಎದುರಾಗುತ್ತದೆ. ಅವಳು ಮಸೀದಿಯ ಕೊಳದಲ್ಲಿ ಪ್ರಾಣ ಬಿಡುತ್ತಾಳೆ. ಅವಳ ಇಚ್ಛೆಯನ್ನು ಕೇಳಿದವರೇ ಇಲ್ಲ. ಕಾದಂಬರಿಯ ಶಕ್ತಿ ಈ ಮೌನದಲ್ಲಿದೆ. ಅದರ ಮಿತಿಯೂ ಅಲ್ಲಿಯೇ. ಮರಣವು ಓದುಗನಲ್ಲಿ ಕರುಣೆಯನ್ನು ಹುಟ್ಟಿಸುತ್ತದೆ; ಕರುಣೆಯು ಪ್ರಶ್ನೆಯನ್ನು ಶಮನಗೊಳಿಸಿಬಿಡುತ್ತದೆ.

ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯಲ್ಲಿ ಈ ಮೌನ ಮುರಿಯುತ್ತದೆ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡನಿಂದ ಪರಿತ್ಯಕ್ತಳಾದ ಅಶ್ರಫ್ ರೋಗಿಯಾದ ಕೂಸಿನೊಡನೆ ಮಸೀದಿಗೇ ಬಂದು ಮುತವಲ್ಲಿಯನ್ನು ನ್ಯಾಯ ಬೇಡುತ್ತಾಳೆ. ಧರ್ಮಶಾಸ್ತ್ರದಲ್ಲಿಯೇ ಅವಳಿಗೆ ಹಕ್ಕುಗಳಿವೆಯೆಂದು ಓದು ಬಲ್ಲ ಹೆಂಗಸೊಬ್ಬಳು ತಿಳಿಸುತ್ತಾಳೆ. ಕೂಸು ಉಳಿಯುವುದಿಲ್ಲ, ಆದರೆ ಊರಿನ ಹೆಂಗಸರ ಶಾಪವು ಮುತವಲ್ಲಿಯನ್ನು ಬೆನ್ನಟ್ಟುತ್ತದೆ. ನಾದಿರಾಳ ಒಂಟಿ ಕಣ್ಣೀರು ಇಲ್ಲಿ ಬಹಿರಂಗವಾದ ಅಹವಾಲಾಗಿದೆ. ಸ್ತ್ರೀಯರ ಹಕ್ಕಿನ ಚಳವಳಿಗಳೆಲ್ಲವೂ ಇಟ್ಟ ಮೊದಲ ಹೆಜ್ಜೆ ಇದೇ ಅಲ್ಲವೆ?

ಇಂಥ ಬರಹಗಳು ಸಮುದಾಯಕ್ಕೆ ಕಳಂಕ ತರುತ್ತವೆಂಬ ಆಕ್ಷೇಪವುಂಟು. ಅದನ್ನು ನಾವು ಒಪ್ಪಲಾರೆವು. ಅಶ್ರಫ್ ಧರ್ಮವನ್ನು ಧಿಕ್ಕರಿಸುವುದಿಲ್ಲ. ಧರ್ಮವು ತನಗೆ ಕೊಟ್ಟುದನ್ನು ಧರ್ಮದ ಪಾಲಕನಿಂದಲೇ ಕೇಳುತ್ತಾಳೆ. ಹೀಗೆ ಕೇಳಿದವಳನ್ನು ಹೊರಗಿನ ಹಗೆಗಳ ಸಾಲಿಗೆ ಸೇರಿಸುವುದು ವಿಮರ್ಶೆಯಲ್ಲ. ಇನ್ನೊಂದು ಸಮುದಾಯದವರು ಈ ಕಥೆಗಳನ್ನೋದಿ ತಮ್ಮ ಮನೆಯ ಹೆಣ್ಣಿನ ಅಹವಾಲನ್ನು ಮರೆತರೆ ಅದೂ ಓದಲ್ಲ.

ಒಂದೇ ಉಸಿರಿನ ಮುತ್ತಲಾಖನ್ನು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಅಸಿಂಧುಗೊಳಿಸಿತು. ಬಾನು ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ದೊರೆಯಿತು. ಕನ್ನಡಿಗರು ಹಿಗ್ಗಿದುದು ಸಹಜ. ಆದರೆ ಲೇಖಕಿಗೆ ಹಾರ ಹಾಕುವುದು ಗೌರವ. ಅಶ್ರಫಳ ಅಹವಾಲಿಗೆ ಉತ್ತರ ಕೊಡುವುದು ಹಕ್ಕಿನ ಮನ್ನಣೆ. ಮೊದಲನೆಯದು ಸುಲಭ. ಎರಡನೆಯದನ್ನು ನಾವಿನ್ನೂ ಮಾಡಬೇಕಾಗಿದೆ.