ಕೀವರ್ಡ್ ಪ್ಲಗಿನ್‌ಗಳು ಮತ್ತು ಗಡಿನಾಡಿನ ಕನ್ನಡ

ಜತ್ತ ತಾಲ್ಲೂಕಿನ ಕನ್ನಡಿಗ ರೈತನು ತನ್ನ ಹೊಲದ ದಾಖಲೆಗಾಗಿ ಹುಡುಕುವಾಗ ‘ಪಹಣಿ’ ಎಂದು ಬರೆಯುವುದಿಲ್ಲ, ‘ಸಾತಬಾರಾ’ ಎಂದು ಬರೆಯುತ್ತಾನೆ. ತಾಳವಾಡಿಯವನಿಗೆ ಬೇಕಾದದ್ದು ಪಟ್ಟಾ, ಚಿಟ್ಟಾ. ರಾಯದುರ್ಗ, ಮಡಕಶಿರಾಗಳ ಕಡೆ ಅದು ಅಡಂಗಲ್. ಮಂಜೇಶ್ವರದವನು ತಂಡಪೇರು ಸಂಖ್ಯೆಯನ್ನು ಹಿಡಿದು ಹೊರಡಬೇಕು. ಗೋವೆಯಲ್ಲಿ ಭೂಮಿಯುಳ್ಳವನು ‘ನಮೂನೆ ಒಂದು ಮತ್ತು ಹದಿನಾಲ್ಕು’ ಎಂದು ಕೇಳಬೇಕು. ಇವರೆಲ್ಲರ ಮನೆಮಾತು ಕನ್ನಡವೇ. ಆದರೆ ಒಬ್ಬೊಬ್ಬರೂ ಹತ್ತಬೇಕಾದ ಕಚೇರಿಯ ಮೆಟ್ಟಿಲು ಬೇರೆ, ಆ ಕಚೇರಿಯ ಮಾತೂ ಬೇರೆ. ಗಡಿನಾಡಿನ ಕನ್ನಡವು ಇಷ್ಟೂ ಆಡಳಿತಗಳ ಪದಗಳನ್ನು ತನ್ನವನ್ನಾಗಿ ಮಾಡಿಕೊಂಡು ಏಳು ದಶಕಗಳಾಗುತ್ತ ಬಂದಿವೆ.

ಸರ್ಚ್ ಎಂಜಿನ್‌ಗಳಿಗೆ ತಕ್ಕಂತೆ ಬರಹವನ್ನು ಅಣಿಗೊಳಿಸುವ ಕೆಲಸ, ಅಂದರೆ ಎಸ್‌ಇಒ, ಈಗ ಬಹುಮಟ್ಟಿಗೆ ಚಾಟ್‌ಬಾಟ್‌ಗಳ ಕೈಗೆ ಹೋಗುತ್ತಿದೆ. ಯಾವ ಪ್ಲಗಿನ್ ಮೇಲು, ಯಾವುದು ಅಗ್ಗ, ಯಾವುದು ಬೇಗ ಎಂಬ ಹೋಲಿಕೆಗಳಿಗೆ ಕೊರತೆಯಿಲ್ಲ. ಆ ಹೋಲಿಕೆಗಳೆಲ್ಲ ಸಾಮಾನ್ಯವಾಗಿ ಇಂಗ್ಲಿಷ್ ಪದಗಳನ್ನೂ ಮಾರಾಟದ ಸರಕುಗಳನ್ನೂ ಮುಂದಿಟ್ಟುಕೊಂಡು ನಡೆದವು. ಸಣ್ಣದೊಂದು ಭಾಷಾ ಸಮುದಾಯಕ್ಕೆ ಮಾಹಿತಿ ತಲುಪಿಸಬೇಕಾದ ಸಂಸ್ಥೆ, ಗ್ರಂಥಾಲಯ, ಶಿಕ್ಷಕರ ಸಂಘ ಮೊದಲಾದವು ಕೇಳಬೇಕಾದ ಪ್ರಶ್ನೆ ಅವುಗಳಲ್ಲಿ ಎದುರಾಗುವುದು ಅಪರೂಪ: ಒಂದು ಪದವನ್ನು ಹುಡುಕುವವರು ಬಹಳ ಕಡಿಮೆ ಇದ್ದಾಗ ಈ ಸಾಧನ ಏನು ಮಾಡುತ್ತದೆ? ತನಗೆ ತಿಳಿಯದೆಂದು ಒಪ್ಪಿಕೊಳ್ಳುತ್ತದೆಯೆ, ಸೊನ್ನೆಯೆನ್ನುತ್ತದೆಯೆ, ಇಲ್ಲವೆ ಅಂಕಿಯೊಂದನ್ನು ಹುಟ್ಟಿಸುತ್ತದೆಯೆ? ‘ಸಾತಬಾರಾ’ ಎಂಬ ಒಂದೇ ಪದವನ್ನು ಒರೆಗಲ್ಲಾಗಿಸಿಕೊಂಡರೂ ಈ ಸಾಧನಗಳ ಗುಣದೋಷಗಳು ಸಾಕಷ್ಟು ಬಯಲಾಗುತ್ತವೆ.

ಪ್ಲಗಿನ್ ಎಂಬ ಹೆಸರಿನ ಚರಿತ್ರೆ ಚಿಕ್ಕದು. ಓಪನ್‌ಎಐ ಸಂಸ್ಥೆಯು ಚಾಟ್‌ಜಿಪಿಟಿಗೆ ಪ್ಲಗಿನ್‌ಗಳನ್ನು ಘೋಷಿಸಿದ್ದು 2023ರ ಮಾರ್ಚ್‌ನಲ್ಲಿ. ವೆಬ್‌ಪೈಲಟ್‌ನಂತಹವು ಪುಟಗಳನ್ನು ಓದಿ ಹೇಳುತ್ತಿದ್ದವು. ಕೀವರ್ಡ್‌ಗಳ ಅಂಕಿಗಳನ್ನು ಹೊರಗಿನ ದತ್ತಸಂಚಯಗಳಿಂದ ತರುವ ಹಲವು ಪ್ಲಗಿನ್‌ಗಳೂ ಬಂದವು. ಅದೇ ವರ್ಷದ ನವೆಂಬರ್‌ನಲ್ಲಿ ‘ಜಿಪಿಟಿ’ಗಳು ಬಂದವು, 2024ರ ಏಪ್ರಿಲ್ ಹೊತ್ತಿಗೆ ಹಳೆಯ ಪ್ಲಗಿನ್ ವ್ಯವಸ್ಥೆಯೇ ಮುಚ್ಚಿಹೋಯಿತು. 2024ರ ನವೆಂಬರ್‌ನಲ್ಲಿ ಆಂತ್ರೋಪಿಕ್ ಪ್ರಕಟಿಸಿದ ಎಂಸಿಪಿ ಎಂಬ ಜೋಡಣೆಯ ಮೂಲಕ ಈಗ ಅಹ್ರೆಫ್ಸ್, ಸೆಮ್‌ರಷ್‌ನಂತಹ ವಾಣಿಜ್ಯ ದತ್ತಸಂಚಯಗಳು ನೇರವಾಗಿ ಚಾಟ್‌ಬಾಟ್‌ನೊಡನೆ ಮಾತಾಡುತ್ತವೆ. ಹೆಸರು ಎರಡು ಸಲ ಬದಲಾದರೂ ಒಳಗಿನ ಭೇದ ಒಂದೇ. ಕೆಲವು ಸಾಧನಗಳ ಹಿಂದೆ ಎಣಿಕೆಯೊಂದು ಇದೆ, ಕೆಲವುಗಳ ಹಿಂದೆ ಭಾಷಾಮಾದರಿಯ ನೆನಪಷ್ಟೇ ಇದೆ.

ನೆನಪಷ್ಟೇ ಇರುವವುಗಳಲ್ಲಿ ಬರಿಯ ಚಾಟ್‌ಬಾಟ್ ಮಾತ್ರವಲ್ಲ, ಎಐಪಿಆರ್‌ಎಂನಂತಹ ವಿಸ್ತರಣೆಗಳೂ ಸೇರುತ್ತವೆ. ಇವು ಕೇಳುವ ಪ್ರಶ್ನೆಯನ್ನು ಸಿದ್ಧ ಅಚ್ಚಿನಲ್ಲಿ ಎರಕ ಹೊಯ್ದು ಕೊಡುತ್ತವೆ. ಉತ್ತರವು ಗುಂಪು, ಉದ್ದೇಶ, ಶೀರ್ಷಿಕೆ ಎಂದು ಅಂದವಾದ ಕೋಷ್ಟಕವಾಗಿ ಬರುತ್ತದೆ. ಕನ್ನಡದಲ್ಲಿ ಜಮೀನಿನ ದಾಖಲೆಗೆ ಸಂಬಂಧಿಸಿದ ಪದಗಳನ್ನು ಕೇಳಿದಾಗ ಇಂತಹ ಪಟ್ಟಿಯು ಪಹಣಿ, ಆರ್‌ಟಿಸಿ, ಮ್ಯುಟೇಶನ್, ಭೂಮಿ ತಂತ್ರಾಂಶ ಎಂದು ಕರ್ನಾಟಕದ ಕಂದಾಯ ಇಲಾಖೆಯತ್ತಲೇ ವಾಲುವುದು ಸಹಜ. ಮಾದರಿಯು ಓದಿರುವ ಕನ್ನಡದ ಬಹುಪಾಲು ಕರ್ನಾಟಕದಲ್ಲಿ ಬರೆದದ್ದು. ಇದು ಕ್ಷಮಿಸಬಹುದಾದ ಕೊರತೆ. ಜಾಗದ ಹೆಸರನ್ನು ಸೇರಿಸಿ ಕೇಳಿದರೆ ಬಹುಮಟ್ಟಿಗೆ ತಿದ್ದಿಕೊಳ್ಳುತ್ತದೆ. ಕ್ಷಮಿಸಲಾಗದ್ದು ಮುಂದಿನ ಹೆಜ್ಜೆ. ಪ್ರತಿ ಪದವನ್ನೂ ತಿಂಗಳಿಗೆ ಎಷ್ಟು ಜನ ಹುಡುಕುತ್ತಾರೆಂದು ಕೇಳಿದರೆ, ಎಣಿಕೆಯೇ ಇಲ್ಲದ ಮಾದರಿಯು ಅಂಕಿಗಳನ್ನು ಬರೆದುಕೊಡಬಲ್ಲದು. ಅವು 1,200, 480, 90 ಎಂಬ ನಂಬಲರ್ಹ ಮುಖ ಹೊತ್ತು ಬರುತ್ತವೆ. ಕೋಷ್ಟಕದ ಗೆರೆಗಳೊಳಗೆ ಕುಳಿತ ಅಂಕಿಯನ್ನು ಸಂಶಯಿಸುವ ಅಭ್ಯಾಸ ಸಂಸ್ಥೆಗಳಲ್ಲಿ ಕಡಿಮೆ. ಸಮಿತಿಯ ಸಭೆಯಲ್ಲಿ ಆ ಕಾಗದವನ್ನು ಹಂಚಿ, 90 ಜನ ಹುಡುಕುವ ಪದಕ್ಕೆ ಪುಟ ಬೇಡವೆಂದು ತೀರ್ಮಾನಿಸುವುದು ಬಹಳ ಸುಲಭ.

ಎಣಿಕೆಯುಳ್ಳ ಸಾಧನಗಳು ಇದಕ್ಕಿಂತ ಪ್ರಾಮಾಣಿಕ. ಆದರೆ ಅವುಗಳ ಎಣಿಕೆಯ ಚೌಕಟ್ಟನ್ನು ನೋಡಬೇಕು. ಅಹ್ರೆಫ್ಸ್, ಸೆಮ್‌ರಷ್‌ಗಳ ದತ್ತಸಂಚಯಗಳು ದೇಶವಾರು ವಿಂಗಡಣೆಯವು: ಭಾರತವೆಂದರೆ ಒಂದೇ ಕಣಜ. ಅದರೊಳಗೆ ಅಕ್ಕಲಕೋಟೆಯ ಕನ್ನಡವೂ ಬೆಂಗಳೂರಿನ ಇಂಗ್ಲಿಷೂ ಒಂದೇ ರಾಶಿಯಲ್ಲಿ ಬೀಳುತ್ತವೆ. ಅಹ್ರೆಫ್ಸ್ ಕೊಡುವ ‘ಕಷ್ಟಾಂಕ’ವು ಮೊದಲ ಹತ್ತು ಫಲಿತಾಂಶಗಳಿಗೆ ಬೇರೆ ತಾಣಗಳಿಂದ ಬಂದ ಕೊಂಡಿಗಳನ್ನು ಆಧರಿಸಿದ್ದು. ಕನ್ನಡದ ಪುಟಗಳಿಗೆ ಕೊಂಡಿ ಕೊಡುವವರು ಕಡಿಮೆಯಾದ್ದರಿಂದ ಕನ್ನಡದ ಪದಗಳೆಲ್ಲ ‘ಸುಲಭ’ ಎಂದು ತೋರುತ್ತವೆ. ಬಡತನವನ್ನು ಅನುಕೂಲವೆಂದು ಓದುವ ಈ ಲೆಕ್ಕವನ್ನು ಚಾಟ್‌ಬಾಟ್ ಹಿಗ್ಗಿನಿಂದ ವಿವರಿಸಿ ಹೇಳುವಾಗ ನಗು ಬಾರದಿರದು.

ಗೂಗಲ್‌ನ ಕೀವರ್ಡ್ ಪ್ಲಾನರ್ ಹೆಚ್ಚು ಸೂಕ್ಷ್ಮ. ಅದರಲ್ಲಿ ಭಾಷೆಯನ್ನು ಕನ್ನಡವೆಂದೂ ಸ್ಥಳವನ್ನು ಕೇರಳ ಅಥವಾ ಮಹಾರಾಷ್ಟ್ರವೆಂದೂ ಬೇರೆಬೇರೆಯಾಗಿ ಆರಿಸಿಕೊಳ್ಳಬಹುದು. ಗಡಿನಾಡಿಗೆ ಇದು ದೊಡ್ಡ ಅನುಕೂಲ. ಆದರೆ ಇದನ್ನು ಕೈಯಾರೆ ಮಾಡಬೇಕು. ‘ಕನ್ನಡ ಕೀವರ್ಡ್’ ಎಂದೊಡನೆ ಕರ್ನಾಟಕವನ್ನೇ ಭಾವಿಸಿಕೊಳ್ಳುವ ಜೋಡಣೆಯಲ್ಲಿ ಆ ಆಯ್ಕೆ ಮರೆಯಾಗಿಬಿಡುತ್ತದೆ. ಇನ್ನೊಂದು ತೊಡಕೂ ಇದೆ. ಬಳಕೆದಾರನ ಭಾಷೆಯನ್ನು ಊಹಿಸಲು ಅವನ ಸಾಧನದ ಭಾಷಾ ಆಯ್ಕೆಯೂ ಒಂದು ಸುಳಿವು. ಕಾಸರಗೋಡಿನವನ ಮೊಬೈಲು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇದ್ದರೆ, ಅವನು ರೋಮನ್ ಅಕ್ಷರಗಳಲ್ಲಿ ಕನ್ನಡ ಬರೆದಾಗ ಆ ಹುಡುಕಾಟ ಯಾರ ಲೆಕ್ಕಕ್ಕೆ ಹೋಯಿತೆಂದು ಹೊರಗಿನವರಿಗೆ ತಿಳಿಯದು. ಜಾಹೀರಾತಿಗೆ ಹಣ ಹೂಡದ ಖಾತೆಗಳಿಗೆ ಪ್ಲಾನರ್ ನಿಖರ ಅಂಕಿಯನ್ನೂ ಕೊಡುವುದಿಲ್ಲ; 10ರಿಂದ 100, 100ರಿಂದ 1,000 ಎಂಬ ವ್ಯಾಪ್ತಿಗಳನ್ನಷ್ಟೇ ತೋರಿಸುತ್ತದೆ. ಗೂಗಲ್ ಟ್ರೆಂಡ್ಸ್‌ನದು 0ರಿಂದ 100ರವರೆಗಿನ ತುಲನಾತ್ಮಕ ಮಾಪನ, ಹುಡುಕಾಟ ತೀರಾ ಕಡಿಮೆಯಿದ್ದಲ್ಲಿ ಅದು 0 ಎಂದೇ ತೋರಿಸುತ್ತದೆ. ಆ ಸೊನ್ನೆಯ ಅರ್ಥ ‘ಯಾರೂ ಇಲ್ಲ’ ಎಂದಲ್ಲ, ‘ತೋರಿಸುವಷ್ಟು ಇಲ್ಲ’ ಎಂದು. ಪ್ಲಗಿನ್ ಮೂಲಕ ಈ ಅಂಕಿಯನ್ನು ತರಿಸಿಕೊಂಡ ಚಾಟ್‌ಬಾಟ್ ಅದನ್ನು ವಾಕ್ಯವಾಗಿಸುವಾಗ ‘ಈ ಪದಕ್ಕೆ ಬೇಡಿಕೆಯಿಲ್ಲ’ ಎಂದು ಬರೆದರೆ, ಎರಡು ಅರ್ಥಗಳ ನಡುವಿನ ಅಂತರ ಅಲ್ಲಿಗೆ ಅಳಿಸಿಹೋಗುತ್ತದೆ. ಹೋಲಿಕೆಯಲ್ಲಿ ಅಂಕ ಕೊಡಬೇಕಾದದ್ದು ಇಲ್ಲಿಯೇ. ಸೊನ್ನೆಯನ್ನು ಸೊನ್ನೆಯ ರೂಪದಲ್ಲಿ, ಅದರ ಮೂಲ ಮತ್ತು ಆಯ್ಕೆಮಾಡಿದ ಸ್ಥಳದೊಡನೆ, ವ್ಯಾಖ್ಯಾನವಿಲ್ಲದೆ ತಂದಿಡುವ ಜೋಡಣೆಯೇ ಮೇಲು. ನಯವಾದ ಸಲಹೆಯೊಡನೆ ಬರುವುದು ಕೀಳು.

ಶಾಲೆಯ ಪ್ರಶ್ನೆಗೆ ಬಂದರೆ ವಿಷಯ ಇನ್ನೂ ಗಂಭೀರ. ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನು ಕರ್ನಾಟಕ ಮಾತ್ರವಲ್ಲ, ಕೇರಳದ ಎಸ್‌ಸಿಇಆರ್‌ಟಿ, ಮಹಾರಾಷ್ಟ್ರದ ಬಾಲಭಾರತಿ, ತಮಿಳುನಾಡಿನ ಶಿಕ್ಷಣ ಇಲಾಖೆಗಳೂ ತಮ್ಮತಮ್ಮ ಪಠ್ಯಕ್ರಮಕ್ಕೆ ತಕ್ಕಂತೆ ಹೊರತರುತ್ತವೆ. ‘ಐದನೆಯ ತರಗತಿ ಕನ್ನಡ ಮಾಧ್ಯಮ ಗಣಿತ’ ಎಂಬ ಹುಡುಕುಪದ ಹೀಗಾಗಿ ಒಂದು ಪುಸ್ತಕವನ್ನಲ್ಲ, ಹಲವು ಪುಸ್ತಕಗಳನ್ನು ಸೂಚಿಸುತ್ತದೆ. ಕೀವರ್ಡ್ ಸಾಧನಕ್ಕೆ ಅದು ಒಂದೇ ಪದಗುಚ್ಛ, ಒಂದೇ ಅಂಕಿ. ಮಂಜೇಶ್ವರದ ತಾಯಿಗೆ ಬೆಂಗಳೂರಿನ ಪುಸ್ತಕದಿಂದ ಪ್ರಯೋಜನವಿಲ್ಲ. ಅಕ್ಕಲಕೋಟೆಯ ಶಿಕ್ಷಕನಿಗೆ ಬಾಲಭಾರತಿಯ ಪುಸ್ತಕವೇ ಬೇಕು. ಇವರನ್ನು ಬೇರ್ಪಡಿಸುವ ಸುಳಿವು ಕನ್ನಡ ಪದಗಳಲ್ಲಿಲ್ಲ, ಅವುಗಳ ಪಕ್ಕದಲ್ಲಿ ಬರುವ ಆಡಳಿತದ ಪದಗಳಲ್ಲಿದೆ. ಹತ್ತನೆಯದು ಕರ್ನಾಟಕ, ಕೇರಳ, ತಮಿಳುನಾಡುಗಳಲ್ಲಿ ಎಸ್‌ಎಸ್‌ಎಲ್‌ಸಿ. ಮಹಾರಾಷ್ಟ್ರ, ಆಂಧ್ರ, ತೆಲಂಗಾಣಗಳಲ್ಲಿ ಎಸ್‌ಎಸ್‌ಸಿ. ಆ ಮುಂದಿನದು ಒಂದು ಕಡೆ ಪಿಯುಸಿ, ಒಂದು ಕಡೆ ಪ್ಲಸ್ ಟು, ಮತ್ತೊಂದು ಕಡೆ ಇಂಟರ್, ಇನ್ನೊಂದು ಕಡೆ ಬಾರಾವಿ. ಎಸ್‌ಎಸ್‌ಸಿ ಎಂದೊಡನೆ ಕೇಂದ್ರ ಸರ್ಕಾರದ ಸಿಬ್ಬಂದಿ ನೇಮಕಾತಿ ಆಯೋಗದ ಪರೀಕ್ಷೆಗಳೂ ನುಗ್ಗಿಬರುತ್ತವೆ; ಅಂಕಿ ದೊಡ್ಡದಾಗಿ ಕಾಣುತ್ತದೆ, ಆದರೆ ಅದರಲ್ಲಿ ಕನ್ನಡ ಮಾಧ್ಯಮದ ಮಗು ಎಲ್ಲಿಯೂ ಇಲ್ಲ.

ಊರುಗಳ ಹೆಸರೂ ಇದೇ ಬಗೆಯ ತೊಡಕು. ಕನ್ನಡಿಗರ ಆದವಾನಿ ಸರ್ಕಾರಿ ಬರಹದಲ್ಲಿ ಆದೋನಿ. ರಾಯದುರ್ಗವೆಂದರೆ ಹೈದರಾಬಾದಿನ ಮೆಟ್ರೊ ನಿಲ್ದಾಣವೂ ಎದುರಾಗುತ್ತದೆ. ಸೊಲ್ಲಾಪುರ, ಸೋಲಾಪುರ, ಷೋಲಾಪುರ ಮೂರೂ ಬಳಕೆಯಲ್ಲಿವೆ. ಕೀವರ್ಡ್ ಸಾಧನವು ಹೆಚ್ಚು ಹುಡುಕಾಟವುಳ್ಳ ರೂಪವನ್ನೇ ಶೀರ್ಷಿಕೆಗೆ ಸೂಚಿಸುತ್ತದೆ. ವ್ಯಾಪಾರಕ್ಕೆ ಅದು ಸರಿಯಾದ ಸಲಹೆಯೇ ಇರಬಹುದು. ಹಸ್ತಪ್ರತಿಗಳನ್ನೂ ಶಾಸನಗಳನ್ನೂ ಗಣಕಕ್ಕೇರಿಸುವ ಸಂಸ್ಥೆಯು ಈ ಸಲಹೆಯಂತೆ ನಡೆದರೆ ಕೆಲವೇ ವರ್ಷಗಳಲ್ಲಿ ‘ಆದವಾನಿ’ ಎಂಬ ರೂಪ ಸೂಚಿಯಿಂದಲೇ ಮರೆಯಾದೀತು. ಹಾಗಾದ ಮೇಲೆ ಆ ಪದಕ್ಕೆ ಹುಡುಕಾಟವೂ ಇರುವುದಿಲ್ಲ, ಸಾಧನದ ಸೊನ್ನೆ ಆಗ ನಿಜವಾಗುತ್ತದೆ.

ಭಾಷೆಯ ರಚನೆಯೂ ಇಲ್ಲಿ ಪಾತ್ರವಹಿಸುತ್ತದೆ. 2016ರಿಂದ ಪ್ಲಾನರ್ ಇಂಗ್ಲಿಷಿನ ಏಕವಚನ, ಬಹುವಚನಗಳಂತಹ ಹತ್ತಿರದ ರೂಪಗಳನ್ನು ಒಂದಾಗಿ ಎಣಿಸುತ್ತ ಬಂದಿದೆ. ಕನ್ನಡದಲ್ಲಿ ಶಾಲೆ, ಶಾಲೆಯ, ಶಾಲೆಗೆ, ಶಾಲೆಯಲ್ಲಿ, ಶಾಲೆಗಳಿಗೆ ಎಂದು ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುತ್ತವೆ. ಮೊದಲೇ ಸಣ್ಣದಾದ ಅಂಕಿಯು ಹಲವು ರೂಪಗಳಲ್ಲಿ ಹಂಚಿಹೋದರೆ ಪ್ರತಿಯೊಂದೂ ಸೊನ್ನೆಯ ಹತ್ತಿರ ನಿಲ್ಲುತ್ತದೆ. ಚಾಟ್‌ಬಾಟ್ ಪದಗಳನ್ನು ಓದುವ ಬಗೆಯದು ಇನ್ನೊಂದು ಕಥೆ. ಕನ್ನಡದ ಪ್ರತಿ ಸಂಕೇತವೂ ಯುಟಿಎಫ್-8ರಲ್ಲಿ 3 ಬೈಟ್; ‘ಪಹಣಿ’ ಎಂಬುದೇ 12 ಬೈಟ್. ಜಿಪಿಟಿ-4ರ ಕಾಲದ ಮಾದರಿಗಳು ಇಂತಹ ಪದಗಳನ್ನು ಅತಿ ಸಣ್ಣ ತುಣುಕುಗಳಾಗಿ ಒಡೆಯುತ್ತಿದ್ದವು. 2024ರ ಮೇ ತಿಂಗಳಲ್ಲಿ ಜಿಪಿಟಿ-4ಒ ಬಂದಾಗ ಈ ಸ್ಥಿತಿ ಸುಧಾರಿಸಿತು. ಸುಧಾರಣೆಯನ್ನು ತೋರಿಸಲು ಓಪನ್‌ಎಐ ಪ್ರಕಟಿಸಿದ 20 ಭಾಷೆಗಳ ಪಟ್ಟಿಯಲ್ಲಿ ತೆಲುಗು, ತಮಿಳು, ಮರಾಠಿ ಇದ್ದವು. ಕನ್ನಡವೂ ಮಲಯಾಳವೂ ಇರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಇವುಗಳ ಉಪಯೋಗವನ್ನು ಅಲ್ಲಗಳೆಯುವಂತಿಲ್ಲ. ಒಂದು ಪದವನ್ನು ಕೊಟ್ಟು ಅದರ ವಿಭಕ್ತಿರೂಪಗಳು, ರೋಮನ್ ಲಿಪಿಯ ನಾಲ್ಕಾರು ಕಾಗುಣಿತಗಳು, ಮರಾಠಿ ಅಥವಾ ಮಲಯಾಳದ ಸಮಾನಪದ ಇವುಗಳನ್ನು ಕೇಳಿದರೆ ಬರಿಯ ಚಾಟ್‌ಬಾಟ್ ನಿಮಿಷದಲ್ಲಿ ಮಾಡಿಕೊಡುತ್ತದೆ. ಒಬ್ಬ ಗುಮಾಸ್ತನಿಗೆ ಅದು ಅರ್ಧ ದಿನದ ಕೆಲಸ. ತಪ್ಪುಗಳಿರುತ್ತವೆ, ಆದರೆ ಕನ್ನಡ ಬಲ್ಲವರು ಕಂಡೊಡನೆ ಹಿಡಿಯಬಹುದಾದ ತಪ್ಪುಗಳು. ಈ ಕೆಲಸಕ್ಕೆ ದುಬಾರಿ ಪ್ಲಗಿನ್ ಬೇಕಿಲ್ಲ. ಪದಗಳ ಜೊತೆಗೆ ಲೇಖನವನ್ನೂ ಬರೆದುಕೊಡುತ್ತೇವೆನ್ನುವ ಸಾಧನಗಳ ಗೊಡವೆಯಂತೂ ಬೇಡವೇ ಬೇಡ. ಊರ ಹೆಸರನ್ನಷ್ಟೇ ಬದಲಿಸಿ ರಾಶಿಗಟ್ಟಲೆ ಪುಟಗಳನ್ನು ಹುಟ್ಟಿಸುವುದನ್ನು ಗೂಗಲ್ 2024ರ ಮಾರ್ಚ್‌ನಿಂದ ದುರುಪಯೋಗವೆಂದೇ ಪರಿಗಣಿಸುತ್ತದೆ.

ಸಂಸ್ಥೆಯೊಂದಕ್ಕೆ ತನ್ನದೇ ತಾಣವಿದ್ದರೆ ಸರ್ಚ್ ಕನ್ಸೋಲ್ ಇವೆಲ್ಲಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹ; ನಿಜವಾಗಿ ಯಾವ ಪದವನ್ನು ಬರೆದು ಜನ ಅಲ್ಲಿಗೆ ಬಂದರೆಂದು ಅದು ಹೇಳುತ್ತದೆ. ಅದಕ್ಕೂ ಒಂದು ಮಿತಿಯಿದೆ. ಕೆಲವೇ ಜನ ಬಳಸಿದ ಹುಡುಕುಪದಗಳನ್ನು ಅದು ಬಳಕೆದಾರರ ಗೋಪ್ಯತೆಗಾಗಿ ಪಟ್ಟಿಯಿಂದ ಮರೆಮಾಚುತ್ತದೆ. ಗೋಪ್ಯತೆಯ ಈ ನಿಯಮ ನ್ಯಾಯವಾದದ್ದೇ, ಆದರೆ ಸಣ್ಣ ಸಮುದಾಯದ ಮಾತು ಬಹುಪಾಲು ಆ ಮರೆಯೊಳಗೇ ಬೀಳುತ್ತದೆ. ಒಟ್ಟು ಬಂದವರ ಸಂಖ್ಯೆಗೂ ಪಟ್ಟಿಯಲ್ಲಿ ಕಂಡ ಪದಗಳ ಮೊತ್ತಕ್ಕೂ ನಡುವೆ ಉಳಿಯುವ ವ್ಯತ್ಯಾಸವನ್ನು ಪ್ರತಿ ತಿಂಗಳೂ ಗುರುತು ಹಾಕಿಡುವುದು ಆದ್ದರಿಂದ ಅಗತ್ಯ.

ಕನ್ಸೋಲ್ ತೋರಿಸದ ಪದಗಳು ಸಿಗುವ ಜಾಗ ಬೇರೆಯಿದೆ: ಗ್ರಂಥಾಲಯದ ಮೇಜಿನ ಮುಂದೆ ಕೇಳಿದ ಪ್ರಶ್ನೆ, ದೂರವಾಣಿಯಲ್ಲಿ ಬಂದ ವಿಚಾರಣೆ, ಗಡಿನಾಡ ಕನ್ನಡಿಗರಿಗಿರುವ ಪ್ರವೇಶಾವಕಾಶಕ್ಕೆ ಯಾವ ದಾಖಲೆ ಬೇಕೆಂದು ಪ್ರತಿ ಬೇಸಗೆಯಲ್ಲಿ ಬರುವ ಪತ್ರ. ಇವನ್ನು ಕೇಳಿದವರ ಮಾತಿನಲ್ಲಿಯೇ, ತಿದ್ದದೆ, ಊರಿನ ಹೆಸರಿನೊಡನೆ ವಹಿಯೊಂದರಲ್ಲಿ ಬರೆದಿಟ್ಟುಕೊಂಡರೆ ಅದೇ ಮೊದಲ ಕೀವರ್ಡ್ ಪಟ್ಟಿ. ಚಾಟ್‌ಬಾಟ್‌ಗೆ ಆ ಪಟ್ಟಿಯನ್ನು ಕೊಟ್ಟು ರೂಪಭೇದಗಳನ್ನು ಬೆಳೆಸಬಹುದು, ಪ್ಲಾನರ್‌ನಲ್ಲಿ ರಾಜ್ಯವನ್ನು ಬದಲಿಸಿ ಬದಲಿಸಿ ನೋಡಬಹುದು. ಅಂಕಿ ಬಾರದ ಪದವನ್ನು ಪಟ್ಟಿಯಿಂದ ಹೊಡೆದುಹಾಕದೆ, ಮಗ್ಗುಲಲ್ಲಿ ಅದನ್ನು ಕೇಳಿದ ತಿಂಗಳನ್ನೂ ತಾಲ್ಲೂಕನ್ನೂ ಬರೆದು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಬೇಕು.