ಸ್ಟೆಪ್ಪರ್ ಮೋಟರಿನ ಹೊಂದಾಣಿಕೆ: ಪರದೆಯ ನಕ್ಷೆ ಹೇಳದ ಸಂಗತಿ

ಗಣಕದ ಆದೇಶದಂತೆ ಲೋಹ, ಮರ, ಪ್ಲಾಸ್ಟಿಕ್‌ಗಳನ್ನು ಕೊರೆಯುವ ಪುಟ್ಟ ಸಿಎನ್‌ಸಿ ಮಿಲಿಂಗ್ ಯಂತ್ರಗಳು ಹವ್ಯಾಸಿಗಳ ಕೈಸೇರಿ ಎರಡು ದಶಕಗಳಿಗೂ ಹೆಚ್ಚಾಯಿತು. ಅಂಥ ಹಳೆಯ ಯಂತ್ರಗಳಲ್ಲಿ ಅನೇಕವನ್ನು ಪ್ಯಾರಲಲ್ ಪೋರ್ಟ್ ಇರುವ ಗಣಕ ಮತ್ತು ‘ಮ್ಯಾಕ್-3’ ಎಂಬ ತಂತ್ರಾಂಶದಿಂದ ನಡೆಸಲಾಗುತ್ತದೆ. ಈ ತಂತ್ರಾಂಶದ ‘ಮೋಟರ್ ಟ್ಯೂನಿಂಗ್’ ಪುಟವನ್ನು ಭೌತವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸುವುದು ಈ ಬರಹದ ಉದ್ದೇಶ.

ಪುಟದಲ್ಲಿ ಮೂರು ಮುಖ್ಯ ಸಂಖ್ಯೆಗಳಿವೆ: ಒಂದು ಮಿಲಿಮೀಟರಿಗೆ ಎಷ್ಟು ಹೆಜ್ಜೆ, ಗರಿಷ್ಠ ವೇಗ ಮತ್ತು ವೇಗೋತ್ಕರ್ಷ. ಜೊತೆಗೆ ವೇಗ-ಕಾಲ ನಕ್ಷೆಯೊಂದಿದೆ. ಪಕ್ಕದ ಗುಂಡಿಯನ್ನು ಎಳೆದಂತೆ ನಕ್ಷೆಯ ಇಳಿಜಾರು ಬದಲಾಗುತ್ತದೆ. ಇಳಿಜಾರೇ ವೇಗೋತ್ಕರ್ಷ ಎಂದು ತರಗತಿಯಲ್ಲಿ ತೋರಿಸಲು ಇದು ಸೊಗಸಾದ ಸಾಧನ. ಆದರೆ ಮೂರೂ ಸಂಖ್ಯೆಗಳು ಒಂದೇ ಜಾತಿಯವು ಎಂಬ ಭಾವನೆ ಬರುವಂತೆ ಮಾಡಿರುವುದು ಈ ಪುಟದ ದೊಡ್ಡ ಕೊರತೆ.

ಮೊದಲನೆಯದು ಬರಿಯ ಲೆಕ್ಕ. ಉದಾಹರಣೆಗೆ, ಶೆರ್ಲೈನ್ ಯಂತ್ರದ ಮೆಟ್ರಿಕ್ ಮಾದರಿಯಲ್ಲಿ ತಿರುಪು ಒಂದು ಸುತ್ತಿಗೆ 1 ಮಿಮೀ ಸಾಗುತ್ತದೆ. ಮೋಟರಿಗೆ ಸುತ್ತಿಗೆ 200 ಹೆಜ್ಜೆ. ಅರ್ಧಹೆಜ್ಜೆಯ ಚಾಲಕವಿದ್ದರೆ 400. ಆದ್ದರಿಂದ ಮಿಲಿಮೀಟರಿಗೆ 400 ಹೆಜ್ಜೆ. ಇಲ್ಲಿ ಹೊಂದಾಣಿಕೆಗೆ ಎಡೆಯೇ ಇಲ್ಲ. ಆದರೂ ಯಂತ್ರವನ್ನು ಸ್ವಲ್ಪ ಚಲಿಸಿ, ಅಳೆದು, ಈ ಸಂಖ್ಯೆಯನ್ನು ‘ಸರಿಪಡಿಸುವ’ ಸೌಲಭ್ಯವನ್ನೂ ತಂತ್ರಾಂಶ ಕೊಡುತ್ತದೆ. ದಿಕ್ಕು ಬದಲಿಸುವಾಗ ತಿರುಪಿನ ಸಡಿಲ 0.1 ಮಿಮೀ ಇದೆಯೆನ್ನಿ. 10 ಮಿಮೀ ಆದೇಶಕ್ಕೆ ಮೇಜು 9.9 ಮಿಮೀ ಮಾತ್ರ ಸಾಗುತ್ತದೆ. ತಂತ್ರಾಂಶ ಸಂಖ್ಯೆಯನ್ನು 404ಕ್ಕೆ ಏರಿಸುತ್ತದೆ. ಆಮೇಲೆ ಅದೇ ದಿಕ್ಕಿನಲ್ಲಿ 50 ಮಿಮೀ ಕೇಳಿದರೆ ಮೇಜು 50.5 ಮಿಮೀ ಸಾಗುತ್ತದೆ. ಹತ್ತನೇ ಒಂದರಷ್ಟಿದ್ದ ದೋಷ ಅರ್ಧ ಮಿಲಿಮೀಟರಾಯಿತು!

ಉಳಿದೆರಡು ಸಂಖ್ಯೆಗಳು ಮೋಟರಿನ ಸಾಮರ್ಥ್ಯಕ್ಕೆ ಸೇರಿದವು. ಮ್ಯಾಕ್-3 ಸಾಮಾನ್ಯವಾಗಿ ಸೆಕೆಂಡಿಗೆ 25,000 ಪಲ್ಸ್ ಕಳುಹಿಸಬಲ್ಲದು. ಅಂದರೆ ಮೇಲಿನ ಯಂತ್ರಕ್ಕೆ ನಿಮಿಷಕ್ಕೆ 3,750 ಮಿಮೀ ವೇಗವನ್ನು ಪುಟ ಒಪ್ಪುತ್ತದೆ. ಅದಕ್ಕಾಗಿ ಮೋಟರು ನಿಮಿಷಕ್ಕೆ 3,750 ಸುತ್ತು ತಿರುಗಬೇಕು. ಸುರುಳಿಯ ಪ್ರೇರಕತ್ವದಿಂದಾಗಿ ವಿದ್ಯುತ್ ಪ್ರವಾಹ ಏರಲು ಸಮಯ ಬೇಕು. ವೇಗ ಹೆಚ್ಚಿದಂತೆ ಆ ಸಮಯ ಸಿಗದೆ ಟಾರ್ಕ್ ಕುಸಿಯುತ್ತದೆ. ಅಷ್ಟು ವೇಗ ತಲುಪುವ ಬಹಳ ಮೊದಲೇ ಸಣ್ಣ ಮೋಟರು ನಿಂತುಬಿಡುತ್ತದೆ. ನಿಧಾನ ವೇಗದಲ್ಲೂ ಅಪಾಯವಿದೆ: ಹೆಜ್ಜೆಗಳ ಆವರ್ತಾಂಕ ರೋಟರಿನ ಸಹಜ ಆವರ್ತಾಂಕಕ್ಕೆ ಹೊಂದಿದರೆ ಅನುರಣನೆಯಿಂದ ಹೆಜ್ಜೆ ತಪ್ಪುತ್ತದೆ. ನಕ್ಷೆಯಲ್ಲಿ ಇದಾವುದೂ ಕಾಣದು. ಅದು ನಾವು ಕೇಳಿದ ಚಲನೆಯ ಚಿತ್ರ, ನಡೆದ ಚಲನೆಯದಲ್ಲ.

ಹೆಜ್ಜೆಯನ್ನು ಇನ್ನೂ ಸಣ್ಣದಾಗಿ ಒಡೆಯುವ ಚಾಲಕ ಹಾಕಿದರೆ ಎಲ್ಲ ಸರಿಹೋಗುತ್ತದೆಂಬ ನಂಬಿಕೆಯೂ ಇದೆ. ಹದಿನಾರನೇ ಒಂದು ಹೆಜ್ಜೆಯಾದರೆ ಮಿಲಿಮೀಟರಿಗೆ 3,200 ಪಲ್ಸ್ ಬೇಕು. ಆಗ ಪಲ್ಸ್‌ಗಳ ಮಿತಿಯೇ ವೇಗವನ್ನು ನಿಮಿಷಕ್ಕೆ ಸುಮಾರು 470 ಮಿಮೀಗೆ ಕಟ್ಟಿಹಾಕುತ್ತದೆ. ಅಂಥ ಒಂದು ಕಿರುಹೆಜ್ಜೆಗೆ ದೊರೆಯುವ ಟಾರ್ಕ್, ಮೋಟರಿನ ಹಿಡಿತದ ಟಾರ್ಕಿನ ಹತ್ತನೇ ಒಂದು ಭಾಗದಷ್ಟು ಮಾತ್ರ. ಘರ್ಷಣೆ ಅದಕ್ಕಿಂತ ಹೆಚ್ಚಿದ್ದರೆ ಮೇಜು ಅಲುಗುವುದೇ ಇಲ್ಲ. ಕಿರುಹೆಜ್ಜೆಯಿಂದ ಚಲನೆ ನಯವಾಗುತ್ತದೆ, ಕಂಪನ ತಗ್ಗುತ್ತದೆ. ನಿಖರತೆ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು? ಮೇಜಿಗೆ ಡಯಲ್ ಗೇಜ್ ತಾಗಿಸಿ ಸೊನ್ನೆಗೆ ಹೊಂದಿಸಿ. ಮೇಜನ್ನು ಹತ್ತಾರು ಬಾರಿ ಹಿಂದೆ ಮುಂದೆ ಓಡಿಸಿ, ಮೊದಲಿನ ದಿಕ್ಕಿನಿಂದಲೇ ಅದೇ ಸ್ಥಾನಕ್ಕೆ ತನ್ನಿ. ಮುಳ್ಳು ಸೊನ್ನೆಗೆ ಬರದಿದ್ದರೆ ಹೆಜ್ಜೆ ತಪ್ಪಿದೆ. ವೇಗ, ವೇಗೋತ್ಕರ್ಷಗಳನ್ನು ಒಂದೊಂದಾಗಿ ಏರಿಸುತ್ತ ಈ ಮಿತಿಯನ್ನು ಗುರುತಿಸಿ, ಅದರ ಅರ್ಧದಷ್ಟನ್ನು ಇಟ್ಟುಕೊಳ್ಳುವುದು ಕ್ಷೇಮ; ಕೊರೆಯುವಾಗ ಹೊರೆ ಇನ್ನೂ ಹೆಚ್ಚುತ್ತದಲ್ಲವೇ?

ಈ ಮೋಟರುಗಳಿಗೆ ಮರುಮಾಹಿತಿಯ ವ್ಯವಸ್ಥೆಯಿಲ್ಲ. ಹೆಜ್ಜೆ ತಪ್ಪಿದರೂ ಪರದೆಯ ಅಂಕಿಗಳು ಸರಿಯಾಗಿಯೇ ಓಡುತ್ತವೆ, ಕೆಡುವುದು ವಸ್ತು. ಗುಂಡಿ ಎಳೆದು ಸದ್ದು ನಿಂತೊಡನೆ ತೃಪ್ತನಾಗುವ ವಿದ್ಯಾರ್ಥಿ ಆದೇಶವನ್ನೇ ಅಳತೆ ಎಂದು ನಂಬಲು ಕಲಿಯುತ್ತಾನೆ. ಪ್ರಯೋಗಶಾಲೆಯಲ್ಲಿ ಇದಕ್ಕಿಂತ ಕೆಟ್ಟ ಪಾಠವಿಲ್ಲ. ಹಳೆಯ ಯಂತ್ರದ ಪಕ್ಕದಲ್ಲಿ ಒಂದು ಡಯಲ್ ಗೇಜ್ ಇದ್ದರೆ ಅದೇ ಯಂತ್ರ ಒಳ್ಳೆಯ ಪಾಠವನ್ನೂ ಕಲಿಸಬಲ್ಲದು.